ಗುಲಾಬಿ ಹಾಳೆಯ ಗೋಂದು

ನನ್ನ ನಾದಿನಿ ಮ್ಯಾನೇಜರ್ ಮುಂದೆ ನನ್ನ ಬಗ್ಗೆ ಸುಳ್ಳು ಹೇಳಿದ್ದರೆ ನಾನು ಒಂದಷ್ಟು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆ. ಅವಳು ನಿಜ ಹೇಳಿದಳು. ಅದಕ್ಕೇ ಬಿಡಲಿಲ್ಲ.

ನಾನು ಕೆಲಸ ಮಾಡುವುದು ಸರಕು ಸಾಗಣೆ ಕಂಪನಿಯೊಂದರ ಕಚೇರಿಯಲ್ಲಿ. ಲಾರಿ ಹತ್ತುವ ಪ್ರತಿ ಸರಕಿಗೂ ಒಂದು ಚೀಟಿ. ಚೀಟಿ ಅಂದರೆ ಮೂರು ಪದರ: ಮೇಲೆ ಬಿಳಿ, ನಡುವೆ ಹಳದಿ, ಅಡಿಯಲ್ಲಿ ಗುಲಾಬಿ. ಮೂರಕ್ಕೂ ನೆತ್ತಿಯಲ್ಲಿ ಗೋಂದು. ನಡುವೆ ಕಪ್ಪು ಹಾಳೆ ಇಟ್ಟು ಬರೆಯುವ ಕಾಲ ಹೋಗಿ, ಒತ್ತಿ ಬರೆದರೆ ತಾನೇ ಕೆಳಗೆ ಮೂಡುವ ಕಾಗದ ಬಂದಿದೆ. ಆದರೂ ಎಲ್ಲರ ಬಾಯಲ್ಲಿ ಅದು ಕಾರ್ಬನ್ ಕಾಪಿಯೇ. ಬಿಳಿ ಹಾಳೆಯನ್ನು ಸರಕು ಕಳಿಸುವವನು ಹರಿದುಕೊಂಡು ಹೋಗುತ್ತಾನೆ. ಹಳದಿ, ಗುಲಾಬಿ ಎರಡೂ ಅಂಟಿಕೊಂಡೇ ಲಾರಿಯಲ್ಲಿ ಹೋಗಿ, ಸರಕು ಮುಟ್ಟಿದ ಕಡೆ ಸಹಿ ಹಾಕಿಸಿಕೊಂಡು, ಎಣ್ಣೆ ಬೆವರು ಮೆತ್ತಿಕೊಂಡು ವಾಪಸು ಬರುತ್ತವೆ. ಬಿಳಿ ಹಾಳೆಯ ಮೇಲೆ ಗುಮಾಸ್ತ ಒತ್ತಿ ಬರೆದದ್ದು ಹಳದಿಗೆ ಇಳಿಯುವ ಹೊತ್ತಿಗೆ ಅರ್ಧವಾಗುತ್ತದೆ, ಗುಲಾಬಿಗೆ ಇಳಿಯುವ ಹೊತ್ತಿಗೆ ಅದು ಅಕ್ಷರವಲ್ಲ, ಅಕ್ಷರದ ನೆರಳು.

ಇಂಥ ಚೀಟಿಗಳು ನಮ್ಮ ಕಡತದ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಕೂತಿದ್ದವು. ಕಂಪನಿ ಚಿಕ್ಕ ಕಟ್ಟಡಕ್ಕೆ ಹೋಗಬೇಕಾಗಿತ್ತು. ಅಲ್ಲಿ ಈ ಕಾಗದಕ್ಕೆ ಜಾಗವಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿ, ಕಾಗದವನ್ನು ರದ್ದಿಗೆ ಹಾಕಿ ಅಂತ ಮೇಲಿನವರ ಹುಕುಂ ಆಯಿತು. ಕಚೇರಿಯ ಕೋಣೆಗಳ ನಡುವಿನ ಹಾದಿಯಲ್ಲಿ, ನೀರಿನ ಡ್ರಮ್ಮಿನ ಪಕ್ಕ ಒಂದು ದೊಡ್ಡ ಕಾಪಿ ಯಂತ್ರವಿದೆ. ಅದರ ಮುಂದಿನ ಕುರ್ಚಿ ನನ್ನದು. ಮದುವೆಯಾಗಿ ಬಂದ ಹೊಸತರಲ್ಲಿ ಕೂತವಳು, ಕೂದಲು ನರೆಯುವ ತನಕ ಅದರಲ್ಲೇ ಕೂತಿದ್ದೇನೆ.

ನಮ್ಮ ಮ್ಯಾನೇಜರಿಗೆ ಕಚೇರಿಯಲ್ಲಿ ಎಲ್ಲರೂ ಗಡಿಬಿಡಿ ಸಾರ್ ಅನ್ನುತ್ತಾರೆ, ಅವರ ಬೆನ್ನ ಹಿಂದೆ. ಪ್ರತಿ ಮಾತನ್ನೂ ಎರಡು ಸಲ ಹೇಳುತ್ತಾರೆ, ಒಂದು ಸಲ ಹೇಳಿದರೆ ತಡವಾಗುತ್ತದೆ ಎಂಬಂತೆ. ಅವರು ನನ್ನ ಯಂತ್ರದ ಹತ್ತಿರ ಬಂದು ಹೇಳಿದರು:

"ನೋಡಿ ನೋಡಿ, ಒಬ್ಬರ ಕೈಯಲ್ಲಿ ಇದು ಆಗಲ್ಲ. ಇನ್ನೊಬ್ಬರನ್ನ ಕರೆತನ್ನಿ. ಗೊತ್ತಿರೋರು ಇದ್ದರೆ ಹೇಳಿ. ಕೋಣೆ ಖಾಲಿಯಾದ ಮೇಲೆ ಒಬ್ಬರೇ ಸಾಕು, ಒಬ್ಬರೇ. ಕಟ್ಟಡ ಬಿಡೋ ಹೊತ್ತಿಗೆ ಮುಗಿದಿಲ್ಲ ಅಂದರೆ ಹೊರಗಿನವರಿಗೆ ಕೊಟ್ಟುಬಿಡ್ತೀವಿ. ಆಗ ಯಾರೂ ಬೇಡ, ಯಾರೂ ಬೇಡ."

ಗೊತ್ತಿರೋರು ನಮ್ಮ ಮನೆಯಲ್ಲೇ ಇದ್ದಳು.

ನನ್ನ ಗಂಡನ ತಂಗಿ ಅವಳು. ಗಂಡನ ಮನೆಯಲ್ಲಿ ಅವಳನ್ನು ಕೂಲಿಯಿಲ್ಲದ ಆಳು ಮಾಡಿಟ್ಟಿದ್ದರು. ಆ ಗಂಡನೋ, ತಾಯಿ ತಲೆ ಆಡಿಸದೆ ಆಕಳಿಸುವವನೂ ಅಲ್ಲ. ಒಂದು ಮಧ್ಯಾಹ್ನ ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ನಮ್ಮ ಅತ್ತೆ ಸೆರಗು ಬಾಯಿಗೆ ಒತ್ತಿ ಅತ್ತರು. ನನ್ನ ಗಂಡ ದರ್ಜಿ. ಬಟ್ಟೆಗಾಗಲಿ ಮಾತಿಗಾಗಲಿ ಎರಡೂ ಕಡೆಯಿಂದ ಹೊಲಿಗೆ ಹಾಕುವ ಆಸಾಮಿ. ತಂಗಿಯ ಮುಖ ನೋಡಿದ, ನನ್ನ ಮುಖ ನೋಡಿದ, ಸೂಜಿಗೆ ದಾರ ಪೋಣಿಸುತ್ತ ಕೂತ. "ಒಳಗೆ ಬಾರೇ, ಬಿಸಿಲಲ್ಲಿ ಯಾಕೆ ನಿಂತೆ?" ಅಂದವಳು ನಾನು. ಮಲಗಲು ಜಾಗ ಮಾಡಿಕೊಟ್ಟವಳು ನಾನು. ಕಚೇರಿಗೆ ಕರೆದುಕೊಂಡು ಹೋಗಿ ಗಡಿಬಿಡಿ ಸಾರ್ ಮುಂದೆ ನಿಲ್ಲಿಸಿದವಳೂ ನಾನೇ. ಚೀಟಿಯ ಕಟ್ಟನ್ನು ಬಗ್ಗಿಸಿ ಬೀಸಣಿಗೆಯ ಹಾಗೆ ಬಿಡಿಸುವುದು, ಹಳದಿ ಗುಲಾಬಿಯನ್ನು ಹರಿಯದ ಹಾಗೆ ಬೇರೆ ಮಾಡುವುದು, ನೆತ್ತಿಯಲ್ಲಿ ಉಳಿದ ಗೋಂದನ್ನು ಉಗುರಿನಿಂದ ಕೆರೆದು ತೆಗೆಯುವುದು, ಎಲ್ಲ ನಾನೇ ಹೇಳಿಕೊಟ್ಟೆ. ಚುರುಕು ಹೆಂಗಸು. ಒಂದು ಸಲ ತೋರಿಸಿದರೆ ಸಾಕು.

ಒಂದು ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಕಾಳು ಆರಿಸುತ್ತಿದ್ದೆವು. ಕಲ್ಲು ಅಂತ ನಾನು ಎಸೆದದ್ದು ಕಾಳು. ಅವಳು ನಕ್ಕಳು. ಆಗ ಹೇಳಿದೆ.

"ಕಣ್ಣಿಗೆ ಮಂಜು ಬರ್ತಿದೆ ಕಣೇ. ಗುಲಾಬಿ ಹಾಳೆ ಮೇಲಿನ ನಂಬರು ನನಗೆ ಕಾಣ್ತಾನೇ ಇಲ್ಲ. ಅಂದಾಜಿನಲ್ಲಿ ಹೊಡೀತಿದ್ದೀನಿ. ಯಾರಿಗೂ ಹೇಳಬೇಡ. ನಿನ್ನ ಅಣ್ಣನಿಗೂ ಗೊತ್ತಿಲ್ಲ."

ಹಳದಿ ಬೇರೆ ಕಟ್ಟು, ಗುಲಾಬಿ ಬೇರೆ ಕಟ್ಟು; ಪ್ರತಿ ಹಾಳೆಯನ್ನು ಸ್ಕ್ಯಾನ್ ಮಾಡಿದ ಮೇಲೆ ಅದರ ನಂಬರನ್ನು ನೋಡಿ ಕೀಲಿಮಣೆಯಲ್ಲಿ ಹೊಡೆಯಬೇಕು. ನಂಬರು ತಪ್ಪಿದರೆ ಆ ಚೀಟಿ ಸಮುದ್ರಕ್ಕೆ ಬಿದ್ದ ಸಾಸಿವೆ. ಅದು ಅವಳಿಗೂ ಗೊತ್ತಿತ್ತು.

"ನಾನಿದ್ದೀನಲ್ಲ ಅತ್ತಿಗೆ," ಅಂದಳು. "ನಾನು ಓದ್ತೀನಿ, ನೀವು ಹೊಡೀರಿ. ನನಗೆ ಇಷ್ಟು ಮಾಡಿದ್ದೀರಿ, ನಾನು ಇಷ್ಟೂ ಮಾಡಲ್ವಾ?"

ಹಾಗೇ ನಡೆಯಿತು ಸ್ವಲ್ಪ ಕಾಲ. ಅವಳು ಪಕ್ಕದಲ್ಲಿ ನಿಂತು ತಗ್ಗಿದ ದನಿಯಲ್ಲಿ ನಂಬರು ಓದುವಳು, ನಾನು ಹೊಡೆಯುವೆ. ನೋಡಿದವರು, ಅತ್ತಿಗೆ ನಾದಿನಿ ಅಂದರೆ ಹೀಗಿರಬೇಕು ಅನ್ನುತ್ತಿದ್ದರು. ದೃಷ್ಟಿ ತಾಕಿತು ಅನ್ನಲೇ? ತಾಕಿದ್ದು ದೃಷ್ಟಿಯಲ್ಲ, ಆಸೆ. ಕೋಣೆ ಅರ್ಧ ಖಾಲಿಯಾಗಿತ್ತು. ಉಳಿಯುವವರು ಒಬ್ಬರೇ ಎಂಬುದು ಇಬ್ಬರಿಗೂ ನೆನಪಿತ್ತು.

ಆ ದಿನ ನಾನು ನೀರು ಕುಡಿಯಲು ಎದ್ದಿದ್ದೆ. ಡ್ರಮ್ಮಿನ ಹಿಂದೆ ಲೋಟ ಹಿಡಿದು ನಿಂತವಳು ಅವರಿಬ್ಬರಿಗೆ ಕಾಣುತ್ತಿರಲಿಲ್ಲ. ಗಡಿಬಿಡಿ ಸಾರ್ ಕೇಳುತ್ತಿದ್ದರು:

"ಯಾಕಮ್ಮ ಇಷ್ಟು ನಿಧಾನ, ಇಷ್ಟು ನಿಧಾನ?"

"ಅತ್ತಿಗೆ ಒಂದೊಂದೇ ಗಾಜಿನ ಮೇಲೆ ಇಡ್ತಾರೆ ಸಾರ್. ಮೇಲಿನ ಫೀಡರಿಗೆ ಹಾಕಿದರೆ ಅದೇ ಎಳ್ಕೊಳ್ಳುತ್ತೆ. ಆಮೇಲೆ..." ಸ್ವಲ್ಪ ತಡೆದಳು. ತಡೆದಳು ಅನ್ನುವುದನ್ನೂ ಹೇಳಬೇಕು. "ಅವರಿಗೆ ಕಣ್ಣು ಮಂಜು ಸಾರ್. ಗುಲಾಬಿ ಪ್ರತಿ ಓದೋಕೆ ಆಗಲ್ಲ. ನಂಬರೆಲ್ಲ ನಾನೇ ಓದಿ ಹೇಳೋದು."

ನನಗೆ ಸಿಟ್ಟು ಬಂದರೆ ಮೊದಲು ಬಾಯಿ ಬರುತ್ತದೆ ಅಂತ ಊರಿಗೆಲ್ಲ ಗೊತ್ತು. ಅವತ್ತು ಬಾಯಿ ಬರಲಿಲ್ಲ. ಅದರಿಂದಲೇ ನನಗೆ ತಿಳಿಯಿತು, ಇದು ಬೇರೆ ಸಿಟ್ಟು ಅಂತ.

ಮರುದಿನ ಕುರ್ಚಿ ಅವಳದಾಯಿತು. ನನ್ನನ್ನು ಕಡತದ ಕೋಣೆಯ ಮೂಲೆಗೆ ಹಾಕಿದರು. ಅಲ್ಲಿ ಕೂತು ಚೀಟಿಗಳನ್ನು ಬಿಡಿಸಿ, ಪಿನ್ನು ಕಿತ್ತು, ಗೋಂದು ಕೆರೆದು, ಅಚ್ಚುಕಟ್ಟು ಮಾಡಿ ಅವಳಿಗೆ ಕಳಿಸುವುದು. "ಇದಕ್ಕೆ ಕಣ್ಣು ಬೇಡ, ಕಣ್ಣು ಬೇಡ, ಕೈ ಸಾಕು," ಅಂದರು ಗಡಿಬಿಡಿ ಸಾರ್, ಉಪಕಾರ ಮಾಡಿದವರ ಹಾಗೆ.

ಮನೆಗೆ ಹೋಗುವಾಗ ಅವಳು ಹಿಂದೆ ಹಿಂದೆ ಬಂದಳು. "ಅತ್ತಿಗೆ, ನನಗೂ ನಿಲ್ಲೋಕೆ ಒಂದು ಜಾಗ ಬೇಕಿತ್ತು. ನಿಮಗೆ ಮನೆ ಇದೆ, ಅಣ್ಣ ಇದ್ದಾನೆ. ನನಗೆ ಏನಿದೆ ಹೇಳಿ?"

"ನಿಲ್ಲೋಕೆ ಜಾಗ ಬೇಕು ಅಂದರೆ ಪಕ್ಕದಲ್ಲಿ ನಿಲ್ಲಬೇಕು. ತಲೆ ಮೇಲೆ ಅಲ್ಲ," ಅಂದೆ. ಆಮೇಲೆ ಮಾತಾಡಲಿಲ್ಲ.

ಒಂದೇ ಸೂರಿನ ಕೆಳಗೆ ಮಾತು ಬಿಡುವುದು ಸುಲಭವಲ್ಲ. ಉಪ್ಪು ಬೇಕಾದರೆ ಅತ್ತೆಯ ಮೂಲಕ ಕೇಳಬೇಕು. "ಅತ್ತೆ, ಉಪ್ಪು ಯಾರ ಹತ್ತಿರ ಇದೆಯೋ ಅವರಿಗೆ ಹೇಳಿ." ಅತ್ತೆ ನಡುವೆ ಕೂತು ಆ ಕಡೆ ಈ ಕಡೆ ಡಬ್ಬಿ ಸರಿಸುತ್ತಿದ್ದರು. ನನ್ನ ಗಂಡನಿಗೆ ಒಂದು ಸಲ ಕೇಳಿದೆ, ನೀನು ಯಾರ ಕಡೆ ಅಂತ. "ನಾನು ಮಧ್ಯದ ಬಟ್ಟೆ ಕಣೇ, ಎರಡೂ ಕಡೆ ಸೂಜಿ ಚುಚ್ಚಿಸಿಕೊಳ್ಳೋನು," ಅಂದ. ನಗು ಬಂತು. ನಗಲಿಲ್ಲ.

ಕಡತದ ಕೋಣೆಯಲ್ಲಿ ಕಿಟಕಿ ಒಂದೇ, ಅದೂ ಗೋಡೆಗೆ ತೆರೆಯುತ್ತದೆ. ಅಲ್ಲಿ ಕೂತು ಹಳದಿ ಗುಲಾಬಿ ಬಿಡಿಸುತ್ತ ಬಿಡಿಸುತ್ತ ನನಗೆ ದಾರಿ ಸಿಕ್ಕಿತು. ಒಂದು ಗುಲಾಬಿ ಹಾಳೆಯ ನೆತ್ತಿಯಲ್ಲಿ ಗೋಂದಿನ ಎಳೆ ಉಳಿದಿತ್ತು. ಕೆರೆಯಲು ಉಗುರು ಎತ್ತಿದವಳು, ಉಗುರು ಇಳಿಸಿದೆ. ಹಾಗೇ ಕಟ್ಟಿನೊಳಗೆ ಸೇರಿಸಿದೆ. ಇನ್ನಷ್ಟು ಬಿಡಿಸಿ ಮತ್ತೊಂದು. ಎಲ್ಲಕ್ಕೂ ಬಿಟ್ಟರೆ ಗೊತ್ತಾಗುತ್ತದೆ. ಸಾರಿಗೆ ಉಪ್ಪು ಹಾಕುವ ಹಾಗೆ, ಹದ ನೋಡಿ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಹಾದಿಯಿಂದ ಯಂತ್ರ ನರಳುವ ಸದ್ದು ಬಂತು. ಫೀಡರು ಹಾಳೆಯನ್ನು ಎಳೆಯುತ್ತದೆ, ಗೋಂದಿನ ಹಾಳೆ ಮುಂದಿನದನ್ನು ಕಚ್ಚಿಕೊಂಡು ಓರೆಯಾಗಿ ಹೋಗುತ್ತದೆ, ಒಳಗೆ ಮಡಚಿಕೊಂಡು ಕೂತುಬಿಡುತ್ತದೆ. ಕೆಂಪು ದೀಪ. ಪೀಂ ಪೀಂ. ನನ್ನ ಕಿವಿಗೆ ಅಷ್ಟು ಇಂಪಾದ ಸದ್ದು ಮತ್ತೊಂದಿರಲಿಲ್ಲ.

"ಮತ್ತೆ ನಿಂತಿತಾ, ಮತ್ತೆ ನಿಂತಿತಾ?" ಗಡಿಬಿಡಿ ಸಾರ್ ಚಪ್ಪಲಿಯ ಸದ್ದು.

ಅವಳು ಮುಚ್ಚಳ ತೆರೆದು, ಮಡಚಿದ ಹಾಳೆ ಎಳೆದು, ಮುಚ್ಚಿ, ಮತ್ತೆ ಹಾಕುವಳು. ಮತ್ತೆ ಪೀಂ ಪೀಂ. ರಿಪೇರಿಯವನನ್ನು ಕರೆಸಿದರು. ಅವನನ್ನು ನಾವೆಲ್ಲ ರಿಪೇರಿಯಣ್ಣ ಅನ್ನುತ್ತೇವೆ. ಊರಿನ ಎಲ್ಲ ಕಚೇರಿಯ ಕಾಪಿ ಯಂತ್ರಗಳ ಹೊಟ್ಟೆ ನೋಡಿದವನು. ಬಗ್ಗಿ ಒಳಗೆ ಕೈ ಹಾಕಿ, ರೋಲರ್ ಎಂಬ ರಬ್ಬರಿನ ಉರುಳೆಯನ್ನು ತಡವಿ, ಬೆರಳು ಮೂಸಿ ನೋಡಿದ.

"ಗೋಂದು," ಅಂದ. "ಯಂತ್ರಕ್ಕೆ ಯಾರೋ ಪಾಯಸ ಕುಡಿಸಿದ್ದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ.

"ಗೋಂದು ಉಳೀತಿದೆ ಅತ್ತಿಗೆ," ಅಂದಳು ನಾದಿನಿ. ಎಷ್ಟೋ ದಿನದ ಮೇಲೆ ನೇರ ನನಗೆ ಆಡಿದ ಮಾತು.

"ಉಳಿದಿರಬಹುದು ಕಣಮ್ಮ," ಅಂದೆ. "ನನಗೆ ಕಣ್ಣು ಮಂಜು. ನೀನೇ ಹೇಳಿದ್ದೀಯಲ್ಲ ಸಾರ್‌ಗೆ. ಕಾಣದೋಳು ಏನು ಮಾಡಲಿ?"

ರಿಪೇರಿಯಣ್ಣ ತಲೆ ಬಗ್ಗಿಸಿಕೊಂಡು ರೋಲರ್ ಒರೆಸಿದ. ಅವನ ಭುಜ ನಗುತ್ತಿತ್ತು. ನನ್ನ ನಾದಿನಿಯ ಮುಖ ಮಾತ್ರ ಒಲೆಯ ಮೇಲೆ ಮರೆತ ಬಾಣಲೆಯ ಹಾಗೆ ಕಪ್ಪಿಟ್ಟಿತು.

ಅವಳು ಸುಮ್ಮನೆ ಸೋಲುವವಳಲ್ಲ. ಗೋಂದಿದ್ದ ಹಾಳೆಯನ್ನು ತಾನೇ ಹುಡುಕಿ ಕೆರೆಯಲು ಹೊರಟಳು. ಅದರಲ್ಲಿ ಹೊತ್ತು ಹೋಯಿತು. ಬಿಟ್ಟು ಫೀಡರಿಗೆ ಹಾಕಿದಳು. ಜಾಮ್ ಬಿಡಿಸುವುದರಲ್ಲಿ ಹೊತ್ತು ಹೋಯಿತು. ರಿಪೇರಿಯಣ್ಣ ಸಲ ಸಲಕ್ಕೂ ಬರಲಾರದೆ ಅವಳಿಗೇ ತೋರಿಸಿಕೊಟ್ಟ: ಈ ಬಾಗಿಲು ಹೀಗೆ ತೆಗಿ, ಈ ಕೊಂಡಿ ಹೀಗೆ ಎತ್ತು, ರೋಲರ್ ಹೊರಗೆ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸು, ಉಗುರು ತಾಗಿಸಬೇಡ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೊಣಕೈ ತನಕ ಮಸಿ, ಹಣೆಯ ಮೇಲೆ ಮಸಿ, ಮಂಡಿಯೂರಿ ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿ ಕೂತಿರುತ್ತಿದ್ದಳು. ಕುರ್ಚಿ ಖಾಲಿ. ಕುರ್ಚಿಗಾಗಿ ಬಂದವಳು ನೆಲದ ಮೇಲೆ. ನನ್ನ ಹೊಟ್ಟೆ ತಣ್ಣಗಾಯಿತು.

ಆದರೆ ಅವಳು ನೆಲಕ್ಕೆ ಬಿದ್ದ ಮಾತ್ರಕ್ಕೆ ಕುರ್ಚಿ ನನಗೆ ಬರುವುದಿಲ್ಲವಲ್ಲ. ಕಣ್ಣಿನ ಮಾತು ಉಳಿದೇ ಇತ್ತು. ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಯಂತ್ರದ ಹತ್ತಿರ ಹೋದೆ. ಗುಲಾಬಿ ಚೀಟಿಗಳನ್ನು ಒಂದರ ಮೇಲೊಂದು, ನಂಬರಿರುವ ಪಟ್ಟಿ ಮಾತ್ರ ಕಾಣುವ ಹಾಗೆ, ಏಣಿಯ ಮೆಟ್ಟಿಲಂತೆ ಗಾಜಿನ ಮೇಲೆ ಜೋಡಿಸಿದೆ. ದೊಡ್ಡದು ಮಾಡುವ ಗುಂಡಿ ಒತ್ತಿದೆ, ಕಪ್ಪು ಮಾಡುವ ಗುಂಡಿಯನ್ನು ಅದು ಹೋಗುವಷ್ಟು ಒತ್ತಿದೆ. ರದ್ದಿ ಕಾಗದದ ಹಿಂಬದಿಯ ಮೇಲೆ ಕಾಪಿ ಬಂತು. ಗುಲಾಬಿ ಬಣ್ಣವೆಲ್ಲ ಬೂದಿ ಮೋಡವಾಗಿತ್ತು. ಮೋಡದೊಳಗಿಂದ ಅಂಕಿಗಳು ಎಮ್ಮೆಯ ಹಾಗೆ ಕಪ್ಪಗೆ ಎದ್ದು ನಿಂತಿದ್ದವು. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಅಂದರೆ, ಓದಲು ಪಕ್ಕದಲ್ಲಿ ಅವಳಿದ್ದಳು. ನೆಚ್ಚಿಕೆ ಇದ್ದಲ್ಲಿ ಬುದ್ಧಿ ಮಲಗಿರುತ್ತದೆ. ಹಗೆ ಅದನ್ನು ಕಿವಿ ಹಿಂಡಿ ಎಬ್ಬಿಸುತ್ತದೆ.

ಆ ಹಾಳೆಯನ್ನು ಗಡಿಬಿಡಿ ಸಾರ್ ಮೇಜಿನ ಮೇಲೆ ಹರವಿ, ಒಂದೊಂದು ನಂಬರನ್ನೂ ಜೋರಾಗಿ, ಇಡೀ ಕಚೇರಿಗೆ ಕೇಳುವ ಹಾಗೆ ಓದಿದೆ. ಟೈಪಿಸ್ಟು ಕೈ ನಿಲ್ಲಿಸಿ ನೋಡಿದಳು. ಊಟ ಮುಗಿಸಿ ಬಂದ ನಾದಿನಿ ಕೈ ಒರೆಸಿಕೊಳ್ಳುತ್ತ ಹಾದಿಯಲ್ಲೇ ನಿಂತಳು.

"ಕಣ್ಣು ನನಗಿಲ್ಲದಿದ್ದರೆ ಯಂತ್ರಕ್ಕಿದೆ ಸಾರ್," ಅಂದೆ. "ನನ್ನ ಕುರ್ಚಿ ನನಗೆ ಕೊಡಿ. ಜಾಮ್ ಆದರೆ ಕೇಳಿ."

"ಆಗಲಿ, ಆಗಲಿ. ಇವತ್ತಿಂದಲೇ."

ಆಗಲೇ ನಿಲ್ಲಿಸಬಹುದಿತ್ತು. ಬೇರೆಯವರಾಗಿದ್ದರೆ ನಿಲ್ಲಿಸುತ್ತಿದ್ದರು. ಕುರ್ಚಿ ಬಂತು, ಅವಳ ಮುಖ ಬಾಡಿತು, ಸಾಕಲ್ಲ ಅನ್ನುತ್ತಿದ್ದರು. ನಾನು ಕೇಳುತ್ತೇನೆ: ಹಾವು ಕಚ್ಚಿದ ಕಾಲಿಗೆ ಕಟ್ಟು ಕಟ್ಟಿದರೆ ಹಾವಿಗೆ ಏನಾಯಿತು?

ಗಡಿಬಿಡಿ ಸಾರ್ ಸಂಜೆ ನನ್ನನ್ನು ಕರೆದರು. ಒಳ್ಳೆಯ ಮನಸ್ಸಿನಿಂದಲೇ ಕರೆದರು. "ಸರಕು ಹತ್ತಿಸೋ ಕಡೆ ಚೀಟಿ ಬರೆಯೋಕೆ ಒಬ್ಬರು ಬೇಕು. ಖಾಯಂ ಕೆಲಸ, ಖಾಯಂ. ನಿಮ್ಮ ನಾದಿನಿಯನ್ನ ಹಾಕೋಣವಾ? ನಿಮ್ಮ ಮನೆಯವಳು, ನೀವೇ ಹೇಳಿ. ಇರ್ತಾಳಾ? ನಡುವೆ ಬಿಟ್ಟು ಹೋಗಲ್ಲ ತಾನೆ?"

ಒಂದು ಹೂಂ ಅಂದಿದ್ದರೆ ಆಗಿಹೋಗುತ್ತಿತ್ತು. ಗಂಟಲಿನಲ್ಲಿ ಹೂಂ ಇತ್ತು ಕೂಡ. ಆದರೆ ಅದಕ್ಕೆ ಮುಂಚೆ ಡ್ರಮ್ಮಿನ ಹಿಂದೆ ಲೋಟ ಹಿಡಿದು ನಿಂತ ಹೆಂಗಸು ನನ್ನ ಕಣ್ಣ ಮುಂದೆ ಬಂದಳು.

"ಅವಳ ಗಂಡ ಆಗಾಗ ಫೋನ್ ಮಾಡ್ತಾನೆ ಸಾರ್," ಅಂದೆ. "ವಾಪಸು ಬಾ ಅಂತ. ಅವಳು ಇನ್ನೂ ಬರಲ್ಲ ಅಂದಿಲ್ಲ. ರಾತ್ರಿ ಹಾಸಿಗೆಯಲ್ಲಿ ಅಳ್ತಾಳೆ. ಇವತ್ತು ಇದ್ದಾಳೆ. ನಾಳೆ ನಾನು ಹೇಳಲಾರೆ."

ಅಕ್ಷರಶಃ ನಿಜ. ಅದೂ ಅಡುಗೆಮನೆಯಲ್ಲೇ, ನಾವು ಚೆನ್ನಾಗಿದ್ದಾಗ, ಯಾರಿಗೂ ಹೇಳಬೇಡಿ ಅತ್ತಿಗೆ ಅಂತ ಹೇಳಿದ್ದು.

"ಅಯ್ಯೋ, ಬೇಡ ಬೇಡ," ಅಂದರು ಗಡಿಬಿಡಿ ಸಾರ್. ವಾರ ಮುಗಿಯುವ ಮೊದಲೇ ಅವಳ ಲೆಕ್ಕ ಮುಗಿಸಿ ಕಳಿಸಿದರು.

ಯಾಕೆ ಕಳಿಸಿದರು ಅಂತ ಅವಳಿಗೆ ಹೇಳಿಯೂ ಹೇಳಿದರು. ಆ ಮನುಷ್ಯನ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ, ಎರಡಾಗಿ ಹೊರಗೆ ಬರುತ್ತದೆ.

ಅವತ್ತು ಮನೆಯಲ್ಲಿ ಅತ್ತೆ ಬಡಿಸುವುದನ್ನು ನಿಲ್ಲಿಸಿ, ಸೌಟು ಪಾತ್ರೆಯಲ್ಲಿಟ್ಟು, ನನ್ನನ್ನು ನೋಡಿದರು.

"ಮನೆ ಹೆಣ್ಣುಮಗಳ ಬಾಯಿಗೆ ಮಣ್ಣು ಹಾಕಿದೆಯಲ್ಲೇ."

"ಮೊದಲು ಹಾಕಿದ್ದು ಯಾರು ಅತ್ತೆ? ನನ್ನ ಬಾಯಿ ಬಾಯಲ್ವಾ?"

"ಅವಳು ಚಿಕ್ಕವಳು."

"ಚೇಳೂ ಚಿಕ್ಕದೇ."

ನನ್ನ ಗಂಡ ತಟ್ಟೆಯಿಂದ ಕಣ್ಣೆತ್ತದೆ, "ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತಾ?" ಅಂದ.

"ಯಾರ ಮೂಗು?" ಅಂತ ಕೇಳಿದೆ.

"ಅದೇ ಗೊತ್ತಾಗ್ತಿಲ್ಲ. ಎರಡೂ ಕೆಳಗೆ ಬಿದ್ದಿವೆ," ಅಂದ.

ನಾದಿನಿ ಎಲ್ಲರ ತಟ್ಟೆ ತೊಳೆದಳು, ನನ್ನದನ್ನು ಬಿಟ್ಟು. ಬೆಳಗ್ಗೆ ಎಂದಿನಂತೆ ತಲೆ ಬಾಚಿ, ಊಟದ ಡಬ್ಬಿ ಕಟ್ಟಿಕೊಂಡು ಹೊರಗೆ ಹೋದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಗಂಡನ ಮನೆಗೆ ಹೋಗುವ ಬಸ್ಸಿನ ವಿಚಾರ ಮಾಡಲು ಹೋಗಿರಬೇಕು ಅಂದುಕೊಂಡೆ. ಸಂಜೆ ಬಂದಳು. ಮರುದಿನ ಮತ್ತೆ ಹೋದಳು. ಬಚ್ಚಲಲ್ಲಿ ಕೈ ಉಜ್ಜುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಇತ್ತ ನನ್ನ ಗತಿ ಕೇಳಿ. ಕುರ್ಚಿ ನನ್ನದೇ, ಒಪ್ಪಿದೆ. ಆದರೆ ಬಿಡಿಸುವವಳೂ ನಾನೇ, ಕೆರೆಯುವವಳೂ ನಾನೇ, ಸ್ಕ್ಯಾನ್ ಮಾಡುವವಳೂ ನಾನೇ, ಏಣಿ ಜೋಡಿಸಿ ನಂಬರು ಓದುವವಳೂ ನಾನೇ. ಕಟ್ಟಡ ಬಿಡುವ ದಿನ ಹತ್ತಿರ ಬಂತು. ಮೇಜು, ಬೀರು, ಗೋಡೆ ಗಡಿಯಾರ ಎಲ್ಲ ಲಾರಿ ಹತ್ತಿ ಹೋದವು. ಕೋಣೆಯ ಒಂದು ಮೂಲೆಯಲ್ಲಿ ಚೀಟಿಯ ರಾಶಿ ಇನ್ನೂ ಕೂತಿತ್ತು. "ಮುಗಿಯುತ್ತಾ, ಮುಗಿಯುತ್ತಾ? ಹೊರಗಿನವರಿಗೆ ಹೇಳಲಾ?" ಅಂತ ಗಡಿಬಿಡಿ ಸಾರ್ ಬಾಗಿಲಲ್ಲಿ ಇಣುಕುವರು. "ಮುಗಿಸ್ತೀನಿ," ಅನ್ನುವೆ. ಬೆನ್ನು ಬಿಲ್ಲಾಗಿತ್ತು. ಹೊರಗಿನವರಿಗೆ ಹೋದರೆ ನಾನೂ ಹೊರಗೆ ಎಂಬುದು ನೆನಪಿತ್ತು.

ಕಟ್ಟಡ ಬಿಡುವ ಹಿಂದಿನ ದಿನ ಕೊನೆಯ ರಾಶಿಗೆ ಕೈ ಹಚ್ಚಿದೆ, ಆಗಲೇ ಯಂತ್ರ ನಿಂತಿತು. ನಾನು ಒಂದು ಎಳೆ ಗೋಂದೂ ಬಿಟ್ಟಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹಾಳೆ ಹಾಕಿದರೆ ಎಳೆಯಲೇ ಇಲ್ಲ. ರೋಲರು ಹಲ್ಲಿಲ್ಲದ ಮುದುಕನ ಬಾಯಿಯ ಹಾಗೆ ಬರಿದೇ ಚಪ್ಪರಿಸಿತು. ಗಾಜಿನ ಮೇಲೆ ಇಟ್ಟರೆ ದೀಪವೂ ಓಡಲಿಲ್ಲ.

"ರಿಪೇರಿಯಣ್ಣನಿಗೆ ಫೋನ್ ಮಾಡಿ, ಫೋನ್ ಮಾಡಿ!"

ಫೋನ್ ಹೋಯಿತು. ರಿಪೇರಿಯಣ್ಣನಿಗೆ ಬೇರೆ ಕಡೆ ಕೆಲಸ, ತನ್ನ ಕೈಕೆಳಗಿನವರನ್ನು ಕಳಿಸುತ್ತಾನಂತೆ. ನಾನು ಕುರ್ಚಿಯಲ್ಲಿ ಕೂತು ಬಾಗಿಲು ನೋಡುತ್ತಿದ್ದೆ. ಭುಜಕ್ಕೆ ಸಲಕರಣೆಯ ಚೀಲ ಹಾಕಿಕೊಂಡು, ತೋಳಿನ ಬಟ್ಟೆ ಮೇಲೆ ಮಡಚಿಕೊಂಡು ನನ್ನ ನಾದಿನಿ ಒಳಗೆ ಬಂದಳು.

ಯಾರಾದರೂ ನನ್ನ ಕೆನ್ನೆಗೆ ಹೊಡೆದಿದ್ದರೆ ಅಷ್ಟು ಬಿಸಿಯಾಗುತ್ತಿರಲಿಲ್ಲ. ನಾನು ಬಿಟ್ಟ ಗೋಂದು! ಅದನ್ನು ಬಿಡಿಸಿ ಬಿಡಿಸಿಯೇ ಅವಳು ಆ ಯಂತ್ರದ ಕರುಳು ಕಲಿತಿದ್ದಳು. ನಾನೇ ದಕ್ಷಿಣೆ ಇಲ್ಲದೆ ಪಾಠ ಹೇಳಿದ ಹಾಗಾಯಿತು.

"ಬನ್ನಿ ಬನ್ನಿ ಮೇಡಂ," ಅಂದರು ಗಡಿಬಿಡಿ ಸಾರ್. ಮೇಡಂ! ನನಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಅಂದಿಲ್ಲ.

ಅವಳು ನನ್ನ ಕುರ್ಚಿಯ ಮುಂದೆ ನಿಂತಳು. "ಸ್ವಲ್ಪ ಏಳ್ತೀರಾ ಅತ್ತಿಗೆ? ಕೂತು ನೋಡಬೇಕು."

ಎದ್ದೆ. ಅವಳು ಕೂತಳು. ಪಕ್ಕದ ಬಾಗಿಲು ತೆಗೆದು, ಕೊಂಡಿ ಎತ್ತಿ, ರೋಲರ್ ಹೊರಗೆ ಎಳೆದು ಬೆಳಕಿಗೆ ಹಿಡಿದಳು.

"ರಬ್ಬರು ಸತ್ತಿದೆ ಸಾರ್. ಗೋಂದು ತಿಂದು ತಿಂದು. ಒಳಗೆ ಇನ್ನೂ ಏನೇನಾಗಿದೆಯೋ ನೋಡ್ತೀನಿ." ಆಮೇಲೆ ತಿರುಗಿ, ಸಕ್ಕರೆಯಂಥ ದನಿಯಲ್ಲಿ, "ಅತ್ತಿಗೆ, ಈ ಟಾರ್ಚು ಹಿಡೀತೀರಾ?"

ಗಡಿಬಿಡಿ ಸಾರ್ ನೋಡುತ್ತಿದ್ದರು. ಹಿಡಿದೆ.

"ಇನ್ನೂ ಕೆಳಗೆ. ಅಲ್ಲ, ಈ ಕಡೆ. ಅಯ್ಯೋ, ಕಾಣ್ತಿಲ್ವಾ? ಹಾಂ, ಹಾಗೇ. ಅಲುಗಬೇಡಿ."

ಸಾರ್ ತಮ್ಮ ಕೋಣೆಗೆ ಹೋದರು. ಅವಳಿಗೆ ಅವಸರವೇ ಇರಲಿಲ್ಲ. ಒಂದು ಸ್ಕ್ರೂ ಬಿಚ್ಚಿ, ಒರೆಸಿ, ನೋಡಿ, ಮಡಿಲಲ್ಲಿ ಇಟ್ಟುಕೊಂಡು, ಇನ್ನೊಂದಕ್ಕೆ ಹೋಗುವಳು. ನನ್ನ ತೋಳು ಜೋಮು ಹಿಡಿಯಿತು. ಕೈ ಬದಲಿಸಿದರೆ, "ಬೆಳಕು, ಬೆಳಕು," ಅನ್ನುವಳು, ಗಡಿಬಿಡಿ ಸಾರ್ ದನಿಯಲ್ಲೇ.

"ಬೇಕಂತಲೇ ಎಳೀತಿದ್ದೀಯ," ಅಂದೆ.

"ಯಂತ್ರ ಅಲ್ವಾ ಅತ್ತಿಗೆ. ಒಳಗೆ ಕೈ ಹಾಕಿದ ಮೇಲೆ ಹದ ನೋಡಬೇಕು."

"ಇವತ್ತು ಮುಗೀದಿದ್ದರೆ ನನ್ನ ಕೆಲಸ ಹೋಗುತ್ತೆ."

"ಗೊತ್ತು. ಹೋದರೆ ಹೇಗಿರುತ್ತೆ ಅಂತಲೂ ಗೊತ್ತು." ತಲೆ ಎತ್ತಲಿಲ್ಲ. "ಗಂಡನ ಹತ್ತಿರ ವಾಪಸು ಹೋಗ್ತೀನಿ ಅಂದುಕೊಂಡಿರಲ್ವಾ? ಅವನಿಗೆ ಬರಲ್ಲ ಅಂತ ಹೇಳಿಬಿಟ್ಟೆ. ನಿಮ್ಮ ಮೇಲಿನ ಸಿಟ್ಟಿಗೇ ಹೇಳಿದೆ. ಇದೇ ಮನೆಯಲ್ಲಿರ್ತೀನಿ, ದಿನಾ ನಿಮ್ಮ ಕಣ್ಣ ಮುಂದೆ."

ಹೊಸ ರೋಲರನ್ನು ಚೀಲದಿಂದ ತೆಗೆದು ಕೂರಿಸಿದಳು. ಮಡಿಲಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿಯತೊಡಗಿದಳು. ಅವುಗಳಲ್ಲಿ ಒಂದು ಅವಳ ಬೆರಳಿನಿಂದ ಜಾರಿ, ಟಿಣ್ ಅಂತ ನೆಲಕ್ಕೆ ಬಿದ್ದು, ಉರುಳಿಕೊಂಡು ನನ್ನ ಕಡೆ ಬಂತು. ನಾನು ಯೋಚನೆ ಮಾಡಲಿಲ್ಲ. ಕಾಲು ತಾನೇ ಹೋಗಿ ಅದರ ಮೇಲೆ ಕೂತಿತು.

ಅವಳು ಕುರ್ಚಿಯ ಕೆಳಗೆ ನೋಡಿದಳು. ಯಂತ್ರದ ಅಡಿಗೆ ಕೈಯಾಡಿಸಿದಳು. ಮಂಡಿಯೂರಿದಳು. ಆಮೇಲೆ ನಿಧಾನವಾಗಿ ನನ್ನ ಚಪ್ಪಲಿಯನ್ನು ನೋಡಿ, ಅಲ್ಲಿಂದ ನನ್ನ ಮುಖಕ್ಕೆ ಬಂದಳು.

"ಕಾಲು ಎತ್ತಿ ಅತ್ತಿಗೆ."

"ತಪ್ಪಾಯ್ತು ಅನ್ನು."

"ಅದು ಇಲ್ಲದೆ ಯಂತ್ರ ಓಡಲ್ಲ. ಹೋಗೋದು ನಿಮ್ಮ ಕೆಲಸ, ನನ್ನದಲ್ಲ."

"ಗೊತ್ತು. ತಪ್ಪಾಯ್ತು ಅನ್ನು. ಅವತ್ತು ಸಾರ್ ಹತ್ತಿರ ಹೇಳಿದ್ದಕ್ಕೆ."

"ನೀವು ಅನ್ನಿ. ನೀವು ಹೇಳಿದ್ದಕ್ಕೆ."

"ಮೊದಲು ನೀನು."

"ನೀವು ದೊಡ್ಡವರು. ನೀವು ಮೊದಲು."

ಅವಳ ಚೀಲದಲ್ಲಿ ಅಂಥ ಸ್ಕ್ರೂ ಇನ್ನೊಂದು ಇದ್ದೀತು. ಅವಳು ಹುಡುಕಲಿಲ್ಲ. ಕಾಲೆತ್ತಲು ನನಗೆ ಎಷ್ಟು ಹೊತ್ತು? ನಾನು ಎತ್ತಲಿಲ್ಲ. ಅವಳು ನೆಲದ ಮೇಲೆ ಮಂಡಿಯೂರಿ, ನಾನು ಟಾರ್ಚು ಹಿಡಿದು ನಿಂತು, ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಗಡಿಬಿಡಿ ಸಾರ್ ಚಪ್ಪಲಿ ಹಾದಿಯಲ್ಲಿ ಸದ್ದು ಮಾಡಿತು.

"ಆಯ್ತಾ, ಆಯ್ತಾ? ಹೊರಗಿನವರು ಫೋನಲ್ಲಿದ್ದಾರೆ. ಬೇಡ ಅನ್ನಲಾ, ಬನ್ನಿ ಅನ್ನಲಾ? ಬೇಗ ಹೇಳಿ, ಬೇಗ!"

"ಇನ್ನೂ ಇಲ್ಲ ಸಾರ್," ಅಂದಳು ಅವಳು.

"ಇನ್ನೂ ಇಲ್ಲ ಸಾರ್," ಅಂದೆ ನಾನು, ಕಾಲನ್ನು ಇನ್ನಷ್ಟು ಒತ್ತಿ.